ಮೈಸೂರಿನಿಂದ ಲೆಸ್ಟರ್‌ಗೆ: ಓದಲು ಹೊರಟ ಮಗಳ ಜೊತೆ ಅಬ್ಬಾ-ಅಮ್ಮಿ ಇರುವ ಮೊದಲ ದಿನಗಳಲ್ಲಿ ಏನೇನು ಮಾಡಬೇಕು

ಉದಯಗಿರಿ, ರಾಜೀವ್ ನಗರ, ಮಂಡಿ ಮೊಹಲ್ಲಾದ ಮನೆಗಳಿಂದ, ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದಲೂ ಮಕ್ಕಳು ಓದಲು ಬ್ರಿಟನ್‌ಗೆ ಹೊರಡುತ್ತಿದ್ದಾರೆ. ಸೆಪ್ಟೆಂಬರ್ ಕೊನೆಗೆ ಹೆಚ್ಚಿನ ತರಗತಿಗಳು ಶುರುವಾಗುತ್ತವೆ. ಮಗಳು ಮೊದಲ ಸಲ ಅಷ್ಟು ದೂರ ಹೋಗುವಾಗ ಒಂದೆರಡು ವಾರ ಜೊತೆಗಿದ್ದು ಬರೋಣ ಅಂತ ಅಬ್ಬಾ-ಅಮ್ಮಿಗೂ ಅನಿಸುತ್ತದೆ. ನಾವೂ ಹಾಗೆ ಹೋಗಿ ಬಂದೆವು. ಆಮೇಲೆ ಮೊಹಲ್ಲಾದವರು ಒಬ್ಬೊಬ್ಬರಾಗಿ ಕೇಳಲು ಬಂದರು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ನಮ್ಮ ಹಿರಿಯರಲ್ಲಿ ಬಹಳ ಜನಕ್ಕೆ ವಿದೇಶ ಅಂದರೆ ಉಮ್ರಾ ಅಥವಾ ಹಜ್. ಅಲ್ಲಿ ಟೂರ್‌ನವರು ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ, ಬಸ್ ಹತ್ತಿಸುತ್ತಾರೆ, ಊಟ ಕೊಡುತ್ತಾರೆ. ಬ್ರಿಟನ್‌ಗೆ ಹೋಗುವಾಗ ಹಾಗೆ ಯಾರೂ ಇಲ್ಲ. ಹಾಗಾಗಿ ಅಪ್ಪಂದಿರು ಆ ಟೂರ್‌ನವರ ಜಾಗಕ್ಕೆ ತಾವೇ ನಿಲ್ಲುತ್ತಾರೆ. ಅರ್ಜಿ ತುಂಬುವುದು ಅವರೇ, ಬಸ್ ಕೇಳುವುದೂ ಅವರೇ. ಹಾಗೆ ಮಾಡಬೇಡಿ. ನೀವು ಜೊತೆಗಿರುವಾಗಲೇ ಪ್ರತಿಯೊಂದು ಕೆಲಸವನ್ನೂ ಮಗಳ ಕೈಯಲ್ಲೇ ಮಾಡಿಸಿ. ನೀವು ಪಕ್ಕದಲ್ಲಿ ನಿಂತಿದ್ದರೆ ಸಾಕು. ಮಗನಾದರೂ ಅಷ್ಟೇ.

ಉದಾಹರಣೆಗೆ ಇಂಗ್ಲೆಂಡಿನ ಲೆಸ್ಟರ್ ನಗರವನ್ನು ತೆಗೆದುಕೊಂಡಿದ್ದೇನೆ. ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರ್‌ಗೆ ಹೋಗುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಹಂತ 1: ಹೆಸರು ಒಂದೇ ಥರ ಇರಲಿ

ನಮ್ಮವರ ದಾಖಲೆಗಳಲ್ಲಿ ಜಾಸ್ತಿ ತೊಂದರೆ ಕೊಡುವುದು ಹೆಸರು. ಆಧಾರ್‌ನಲ್ಲಿ ಮೊಹಮ್ಮದ್, ಮಾರ್ಕ್ಸ್ ಕಾರ್ಡಿನಲ್ಲಿ ಎಂ.ಡಿ., ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಅಮ್ಮಿಯ ಹೆಸರಿನ ಮುಂದೆ ಒಂದು ಕಡೆ ಬಾನು, ಇನ್ನೊಂದು ಕಡೆ ಬೇಗಂ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಪಾಸ್‌ಪೋರ್ಟಿನಲ್ಲಿ ಇರುವುದೇ ಕೊನೆ ಮಾತು ಅಂತ ಇಟ್ಟುಕೊಳ್ಳಿ. ವಿಶ್ವವಿದ್ಯಾಲಯ ಸೀಟು ಖಚಿತ ಮಾಡಿ ಕೊಡುವ ಕ್ಯಾಸ್ ಪತ್ರ, ವೀಸಾ ಅರ್ಜಿ, ವಿಮಾನದ ಟಿಕೆಟ್, ಮೂರರಲ್ಲೂ ಅಕ್ಷರ ಅಕ್ಷರ ಅದಕ್ಕೇ ತಾಳೆಯಾಗಬೇಕು. ಅಬ್ಬಾ-ಅಮ್ಮಿಯ ಹೆಸರು ಮಗಳ ಪಾಸ್‌ಪೋರ್ಟಿನಲ್ಲಿ ಹೇಗಿದೆ ಎಂಬುದನ್ನೂ ನೋಡಿ. ಸಂಬಂಧ ತೋರಿಸಬೇಕಾದಾಗ ಅದು ಬೇಕಾಗಬಹುದು.

ತಿದ್ದುಪಡಿ ಬೇಕಿದ್ದರೆ ಆರು ತಿಂಗಳು ಮೊದಲೇ ಹಾಕಿ. ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು.

ಹಂತ 2: ಮಗಳಿಗೊಂದು ವೀಸಾ, ನಿಮಗೊಂದು

ಇವೆರಡರ ಲೆಕ್ಕ ಬೇರೆ ಬೇರೆ. ಮಗಳದು ವಿದ್ಯಾರ್ಥಿ ವೀಸಾ. ಕೋರ್ಸ್ ಶುರುವಾಗುವ ಮೊದಲಿನ ಆರು ತಿಂಗಳಲ್ಲಿ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಖರ್ಚಿಗೆ ಬೇಕಾದ ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಲೆಕ್ಕ ಮತ್ತೆ ಮೊದಲಿಂದ. ವ್ಯಾಪಾರದ ಮನೆಗಳಲ್ಲಿ ಖಾತೆಯ ಹಣ ದಿನಾ ಓಡಾಡುತ್ತದೆ ಅಲ್ವಾ, ಅದಕ್ಕೆ ಇದಕ್ಕೆಂದೇ ಒಂದು ಖಾತೆ ಬೇರೆ ಇಡಿ. ಆರು ತಿಂಗಳಿಗಿಂತ ಹೆಚ್ಚು ಇರುವವರಿಗೆ ಕ್ಷಯದ ಪರೀಕ್ಷೆ ಕಡ್ಡಾಯ. ಒಪ್ಪಿಗೆ ಪಡೆದ ಕೇಂದ್ರದಲ್ಲೇ ಮಾಡಿಸಬೇಕು, ಆ ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ. ವೀಸಾ ಜೊತೆಗೇ ಆರೋಗ್ಯ ಶುಲ್ಕ ಅಂತ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್ ಕಟ್ಟಿಸಿಕೊಳ್ಳುತ್ತಾರೆ. ಅದು ದಂಡ ಅಲ್ಲ. ಅಲ್ಲಿನ ಸರ್ಕಾರಿ ವೈದ್ಯಸೇವೆ ಎನ್‌ಎಚ್‌ಎಸ್ ಅನ್ನು ಮಗಳು ಬಳಸುವ ಹಕ್ಕು ಬರುವುದು ಅದರಿಂದ.

ನಿಮ್ಮದು ಸಂದರ್ಶಕರ ವೀಸಾ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗ ಅರ್ಜಿಯ ಬಾಗಿಲು ತೆರೆಯುತ್ತದೆ. ನಿಮಗೆ ಕ್ಷಯ ಪರೀಕ್ಷೆ ಬೇಡ. ಆದರೆ ವಾಪಸ್ ಬರುತ್ತೀರಿ ಎಂಬುದನ್ನು ಕಾಗದ ಹೇಳಬೇಕು. ಅಂಗಡಿಯ ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ಸ್, ಮನೆ-ಜಮೀನಿನ ಪತ್ರ, ನೌಕರಿಯಿದ್ದರೆ ರಜೆ ಪತ್ರ, ಇವುಗಳ ಜೊತೆ ಮಗಳ ಪ್ರವೇಶ ಪತ್ರ ಸೇರಿಸಿ. ಮಗಳೂ ನೀವೂ ಬೆರಳಚ್ಚನ್ನು ಬೆಂಗಳೂರಿನ ವಿಎಫ್‌ಎಸ್, ಅಂದರೆ ವೀಸಾ ಅರ್ಜಿ ಕೇಂದ್ರದಲ್ಲಿ ಕೊಡಬೇಕು. ಹಿಜಾಬ್ ಹಾಕಿಕೊಂಡೇ ಫೋಟೊ ತೆಗೆಸಬಹುದು, ಮುಖ ಪೂರ್ತಿ ಕಾಣಬೇಕು ಅಷ್ಟೇ.

ಪ್ರಯಾಣ ವಿಮೆ ಇಲ್ಲದೆ ಅಬ್ಬಾ-ಅಮ್ಮಿ ವಿಮಾನ ಹತ್ತಲೇಬಾರದು ಅಂತ ನಾನು ಒತ್ತಿ ಹೇಳುತ್ತೇನೆ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಅಲ್ಲಿ ದುಡ್ಡು ಕೇಳುವುದಿಲ್ಲ, ನಿಜ. ಆದರೆ ಆಸ್ಪತ್ರೆಗೆ ದಾಖಲಾದರೆ ಸಂದರ್ಶಕರಿಂದ ಎನ್‌ಎಚ್‌ಎಸ್ ವೆಚ್ಚದ ಒಂದೂವರೆ ಪಟ್ಟು ವಸೂಲಿ ಮಾಡುತ್ತದೆ. ಶುಗರ್, ಬಿಪಿ ಇರುವುದನ್ನು ವಿಮೆಯಲ್ಲಿ ಮುಚ್ಚಿಡದೆ ಬರೆಸಿ.

ಹಂತ 3: ರೂಮು ಹಿಡಿಯುವಾಗ ಕೇಳಬೇಕಾದದ್ದು

ಹಾಸ್ಟೆಲ್ ಅರ್ಜಿಯಲ್ಲೇ ಕೆಲವು ಆಯ್ಕೆಗಳಿರುತ್ತವೆ. ಹುಡುಗಿಯರೇ ಇರುವ ಫ್ಲ್ಯಾಟ್, ಮದ್ಯ ಇಲ್ಲದ ಫ್ಲ್ಯಾಟ್, ರೂಮಿಗೇ ಸೇರಿದ ಸ್ನಾನಗೃಹ. ಹೋದ ಮೇಲೆ ಬದಲಾಯಿಸಿಕೊಳ್ಳುವುದು ಕಷ್ಟ, ಅದಕ್ಕೆ ಈಗಲೇ ಕೇಳಿ. ಸ್ನಾನಗೃಹ ಒಳಗೇ ಇದ್ದರೆ ವುಜೂಗೆ, ಅಂದರೆ ನಮಾಜಿಗೆ ಮೊದಲು ಕೈ-ಮುಖ-ಕಾಲು ತೊಳೆಯುವುದಕ್ಕೆ, ತುಂಬಾ ಅನುಕೂಲ. ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ.

ಮಗಳ ರೂಮಿನಲ್ಲೇ ಚಾಪೆ ಹಾಸಿಕೊಂಡು ಇದ್ದುಬಿಡುತ್ತೇವೆ ಅನ್ನುವ ಲೆಕ್ಕ ಬೇಡ. ಅತಿಥಿಗಳಿಗೆ ಒಂದೆರಡು ರಾತ್ರಿಗಿಂತ ಹೆಚ್ಚು ಬಿಡುವುದು ಅಪರೂಪ. ಅದು ಚಿಕ್ಕ ಕೋಣೆ ಕೂಡ. ನಡೆದು ಹೋಗುವಷ್ಟು ದೂರದಲ್ಲಿ ಅಡುಗೆಮನೆ ಇರುವ ಬಾಡಿಗೆ ಜಾಗ ನೋಡಿ.

ಖಾಸಗಿ ಮನೆಯಾದರೆ ನೋಡದೆ ದುಡ್ಡು ಕಳಿಸಬೇಡಿ. ಇಂಗ್ಲೆಂಡಿನಲ್ಲಿ ಮಾಮೂಲಿ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವ ಹಾಗಿಲ್ಲ, ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು. ಇದನ್ನು ಮಗಳೇ ಮಾಲೀಕರಿಗೆ ಕೇಳಲಿ.

ಹಂತ 4: ಪೆಟ್ಟಿಗೆ

ಬ್ರಿಟನ್‌ಗೆ ನಮ್ಮ ದೇಶದಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಖೋವಾ ಸಿಹಿ, ಒಣಗಿಸಿದ ಮಾಂಸ ಎಲ್ಲ ಮನೆಯಲ್ಲೇ ಇರಲಿ. ಹಸಿ ಕರಿಬೇವು, ವೀಳ್ಯದೆಲೆಯೂ ಬೇಡ. ಮನೆಯಲ್ಲಿ ಕುಟ್ಟಿಸಿದ ಖಾರದ ಪುಡಿ, ಧನಿಯಾ ಪುಡಿ, ಗರಂ ಮಸಾಲ, ರಾಗಿ ಹಿಟ್ಟು, ಹುಣಸೆಹಣ್ಣು ಒಯ್ಯಿ. ಅಕ್ಕಿ-ಬೇಳೆ ಹೊರುವುದು ಸುಮ್ನೆ ದಂಡ, ಲೆಸ್ಟರ್‌ನಲ್ಲಿ ಎಲ್ಲ ಸಿಗುತ್ತದೆ.

ಕುಕ್ಕರ್ ಒಯ್ಯುವ ಮೊದಲು ಹಾಸ್ಟೆಲಿನ ಒಲೆ ಯಾವುದು ಅಂತ ಕೇಳಿ. ಇಂಡಕ್ಷನ್ ಆದರೆ ನಮ್ಮ ಮಾಮೂಲಿ ಅಲ್ಯುಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಅಲ್ಲಿನ ಸಾಕೆಟ್ಟಿಗೆ ಚಪ್ಪಟೆ ಮೂರು ಕಡ್ಡಿಯ ಪ್ಲಗ್ ಬೇಕು. ಒಂದು ಅಡಾಪ್ಟರ್, ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ನಡೆಯುತ್ತದೆ. ದಪ್ಪ ಕೋಟನ್ನು ಮೈಸೂರಿನಲ್ಲಿ ಹುಡುಕಬೇಡಿ, ಆ ಚಳಿಗೆ ತಕ್ಕದ್ದು ಅಲ್ಲೇ ಅಗ್ಗಕ್ಕೆ ಸಿಗುತ್ತದೆ. ಒಂದು ಪ್ಲಾಸ್ಟಿಕ್ ಚೊಂಬು, ಮಡಚುವ ಜಾನಮಾಜ್ (ನಮಾಜಿನ ಹಾಸು), ಒಂದು ಜೊತೆ ಚರ್ಮದ ಮೋಜಾ (ಕಾಲುಚೀಲ) ಮಾತ್ರ ಮರೆಯಬೇಡಿ. ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ. ಯಾರದೋ ಮನೆಗೆ ತಲುಪಿಸಿ ಅಂತ ಕೊಡುವ ಕಟ್ಟಿದ ಪೊಟ್ಟಣಗಳನ್ನು ನಯವಾಗಿಯೇ ಬೇಡ ಅನ್ನಿ.

ಕೈಚೀಲದಲ್ಲಿ ಪಾಸ್‌ಪೋರ್ಟ್, ಪ್ರವೇಶ ಪತ್ರ, ಉಳಿಯುವ ವಿಳಾಸ, ವಾಪಸ್ ಟಿಕೆಟ್, ವಿಮೆ, ವೈದ್ಯರ ಚೀಟಿಯ ಜೊತೆ ಮಾತ್ರೆಗಳು ಮೂಲ ಪಟ್ಟಿಯಲ್ಲೇ ಇರಲಿ. ನಗದು ವಿದೇಶಿ ನೋಟು ಒಬ್ಬರಿಗೆ 3,000 ಡಾಲರ್ ಮೌಲ್ಯದವರೆಗೆ ಒಯ್ಯಬಹುದು. ಉಳಿದದ್ದು ಕಾರ್ಡಿನಲ್ಲಿ. ಅಬ್ಬಾನ ಮೊಬೈಲಿಗೆ ರೋಮಿಂಗ್ ಹಾಕಿಸಿ. ಬ್ಯಾಂಕಿನ ಒಟಿಪಿ ಬರುವುದು ಆ ನಂಬರಿಗೇ. ಅದು ಬಂದ್ ಆದರೆ ಫೀಸ್ ಕಟ್ಟುವ ದಿನವೇ ಕೈಕಟ್ಟಿ ಕೂರಬೇಕಾಗುತ್ತದೆ.

ಹಂತ 5: ಹೊರಟು ತಲುಪುವ ತನಕ

ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಕೆಂಪೇಗೌಡ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. ನಾಲ್ಕು ಕಾರಿನಲ್ಲಿ ನೆಂಟರೆಲ್ಲ ದೇವನಹಳ್ಳಿಗೆ ಬರುವುದಕ್ಕಿಂತ ದುವಾ, ವಿದಾಯ ಎಲ್ಲ ಮನೆಯಲ್ಲೇ ಮುಗಿಯಲಿ. ಮಗಳ ಇ-ವೀಸಾ ಖಾತೆಯಲ್ಲಿ ಈಗಿನ ಪಾಸ್‌ಪೋರ್ಟ್ ನಂಬರೇ ಇದೆಯಾ ಅಂತ ಹಿಂದಿನ ದಿನ ಅವಳೇ ನೋಡಲಿ.

ಹೀಥ್ರೂನಲ್ಲಿ ಅಧಿಕಾರಿ ಕೇಳುವುದು ಸರಳ ಪ್ರಶ್ನೆ. ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಇರುತ್ತೀರಿ. "ಮಗಳನ್ನು ಕಾಲೇಜಿಗೆ ಬಿಡಲು ಬಂದಿದ್ದೇವೆ, ಇಂಥ ತಾರೀಖು ವಾಪಸ್" ಅಂತ ಅಮ್ಮಿಯೂ ಇಂಗ್ಲಿಷಿನಲ್ಲಿ ಎರಡು ಮಾತು ಅಭ್ಯಾಸ ಮಾಡಿಕೊಂಡರೆ ಧೈರ್ಯ ಬರುತ್ತದೆ. ಅಲ್ಲಿಂದ ಲೆಸ್ಟರ್‌ಗೆ ನೇರ ಕೋಚ್ ಬಸ್ ಇದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ರೈಲೂ ಇದೆ. ದೊಡ್ಡ ಪೆಟ್ಟಿಗೆಗಳಿದ್ದರೆ ಕೋಚೇ ವಾಸಿ.

ಹಂತ 6: ವುಜೂ, ಕಿಬ್ಲಾ, ನಮಾಜ್ ವೇಳೆ

ತಲುಪಿದ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಇದೊಂದನ್ನು ಸರಿ ಮಾಡಿಕೊಳ್ಳಿ.

ಮೊದಲು ಸ್ನಾನಗೃಹ. ಅಲ್ಲಿ ಬಹಳ ಕಡೆ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಶವರ್ ನಿಲ್ಲುವ ತೊಟ್ಟಿಗೆ ಮಾತ್ರ ಕಿಂಡಿ. ನಮ್ಮ ಮನೆಯ ಬಚ್ಚಲಿನಲ್ಲಿ ನೀರು ಚೆಲ್ಲಿದ ಹಾಗೆ ಚೆಲ್ಲಿದರೆ ಅದು ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ. ಆದ್ದರಿಂದ ಕೈ-ಮುಖ ಬೇಸಿನ್ನಿನಲ್ಲಿ, ಕಾಲು ಶವರ್ ತೊಟ್ಟಿಯಲ್ಲಿ ತೊಳೆಯಬೇಕು. ಬಾಗಿಲ ಬಳಿ ಕಾಲೊರೆಸಲು ಒಂದು ಹಳೇ ಟವಲ್ ಹಾಸಿ. ಶೌಚಕ್ಕೆ ಪೈಪಾಗಲಿ ನಲ್ಲಿಯಾಗಲಿ ಇರುವುದಿಲ್ಲ, ಚೊಂಬು ಅದಕ್ಕೇ. ಕಾಲೇಜಿನಲ್ಲಿ ವುಜೂ ಜಾಗ ಇಲ್ಲದ ಕಡೆ ಬೇಸಿನ್ನಿಗೆ ಕಾಲೆತ್ತುವುದು ಚೆನ್ನಾಗಿರುವುದಿಲ್ಲ. ಬೆಳಗ್ಗೆ ಪೂರ್ತಿ ವುಜೂ ಮಾಡಿ ಚರ್ಮದ ಮೋಜಾ ಹಾಕಿಕೊಂಡರೆ ಒಂದು ದಿನ-ರಾತ್ರಿ ಅದರ ಮೇಲೆ ಮಸಹ್, ಅಂದರೆ ಒದ್ದೆ ಕೈ ಸವರುವುದು, ಸಾಕು. ತೆಳ್ಳನೆ ಹತ್ತಿಯ ಕಾಲುಚೀಲಕ್ಕೆ ಹನಫಿ ಪಂಥದವರಲ್ಲಿ ಇದು ನಡೆಯುವುದಿಲ್ಲ.

ಇನ್ನು ದಿಕ್ಕು. ಮೈಸೂರಿನಲ್ಲಿ ಹುಟ್ಟಿದಾಗಿನಿಂದ ಪಶ್ಚಿಮಕ್ಕೆ ಮುಖ ಮಾಡಿದವರು ನಾವು. ಇಂಗ್ಲೆಂಡಿನಿಂದ ಕಿಬ್ಲಾ, ಅಂದರೆ ಮಕ್ಕಾದ ಕಾಬಾ ಇರುವ ದಿಕ್ಕು, ಆಗ್ನೇಯಕ್ಕೆ. ಕಂಪಾಸ್ ಇಟ್ಟು ನೋಡಿ, ರೂಮಿನಲ್ಲಿ ಜಾನಮಾಜ್ ಹಾಸುವ ಜಾಗ ಗೊತ್ತುಮಾಡಿ, ಮಂಚ-ಮೇಜನ್ನು ಅದಕ್ಕೆ ತಕ್ಕಂತೆ ಸರಿಸಿ.

ವೇಳೆಯ ವಿಷಯ ನಿಜಕ್ಕೂ ಯೋಚನೆ ಮಾಡಬೇಕಾದದ್ದು. ನಮ್ಮಲ್ಲಿ ವರ್ಷವಿಡೀ ಮಗ್ರಿಬ್, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜ್, ಆರರಿಂದ ಏಳರ ಆಸುಪಾಸು. ಲೆಸ್ಟರ್‌ನಲ್ಲಿ ನೀವು ಸೆಪ್ಟೆಂಬರ್ ಕೊನೆಗೆ ಹೋದಾಗಲೂ ಸೂರ್ಯ ಏಳು ಗಂಟೆ ಸುಮಾರಿಗೇ ಮುಳುಗುತ್ತಾನೆ. "ನಮ್ಮೂರ ಹಾಗೇ ಇದೆ" ಅನಿಸುತ್ತದೆ. ಡಿಸೆಂಬರ್‌ನಲ್ಲಿ ಅದೇ ಸೂರ್ಯ ಬೆಳಗ್ಗೆ ಎಂಟು ದಾಟಿ ಹುಟ್ಟಿ, ಸಂಜೆ ನಾಲ್ಕರೊಳಗೆ ಮುಳುಗುತ್ತಾನೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ಒಳಗೆ ಝುಹರ್, ಅಸರ್ ಎರಡೂ ಮುಗಿದು ಮಗ್ರಿಬ್ ಬಂದಿರುತ್ತದೆ. ಒಂದರಿಂದ ಐದರ ತನಕ ಲ್ಯಾಬ್ ಇದ್ದರೆ ಏನು ಮಾಡುವುದು? ಅದಕ್ಕೆ ವೇಳಾಪಟ್ಟಿ ಸಿಕ್ಕ ದಿನವೇ ಮಗಳು ಹತ್ತಿರದ ಮಸೀದಿಯ ಡಿಸೆಂಬರ್ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಲಿ. ತನ್ನ ವಿಭಾಗದಿಂದ ನಮಾಜ್ ಕೋಣೆಗೆ ಎಷ್ಟು ನಿಮಿಷ ಅಂತ ನಡೆದು ನೋಡಲಿ. ಎಲ್ಲಿ ವುಜೂ, ಎಲ್ಲಿ ಹೆಂಗಸರ ಜಾಗ, ಬಾಗಿಲಿಗೆ ಕಾರ್ಡ್ ಬೇಕಾ ಎಂಬುದನ್ನೂ ಕೇಳಲಿ. ತರಗತಿಯ ನಡುವೆ ಹತ್ತು ನಿಮಿಷ ಬೇಕಿದ್ದರೆ ಮೇಷ್ಟ್ರಿಗೆ ಮೊದಲ ವಾರವೇ ಹೇಳುವುದು ಒಳ್ಳೆಯದು.

ಅಬ್ಬಾ-ಅಮ್ಮಿಗೆ ಒಂದು ಮಾತು. ಹನಫಿ ಪ್ರಕಾರ ಒಂದು ಊರಿನಲ್ಲಿ 15 ದಿನಕ್ಕಿಂತ ಕಡಿಮೆ ಇರುವ ನಿಯ್ಯತ್ (ಸಂಕಲ್ಪ) ಇದ್ದರೆ ನೀವು ಮುಸಾಫಿರ್, ಅಂದರೆ ಪ್ರಯಾಣಿಕರು; ನಾಲ್ಕು ರಕಾತ್‌ಗಳ ಫರ್ಜ್ (ಕಡ್ಡಾಯ) ನಮಾಜ್ ಎರಡಾಗುತ್ತದೆ. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕು. ವರ್ಷವಿಡೀ ಇರುವ ಮಗಳಿಗೆ ಅಲ್ಲಿ ಖಸರ್, ಅಂದರೆ ಹೀಗೆ ನಮಾಜ್ ಮೊಟಕು ಮಾಡುವುದು, ಇಲ್ಲ. ಒಂದೇ ಕೋಣೆಯಲ್ಲಿ ಎರಡು ಲೆಕ್ಕ ಇರುವುದರಿಂದ ಹೊರಡುವ ಮೊದಲೇ ನಿಮ್ಮ ಮಸೀದಿಯ ಮೌಲಾನಾರ ಹತ್ತಿರ ವಿವರವಾಗಿ ಕೇಳಿಕೊಂಡು ಹೋಗಿ.

ರಮ್ಜಾನಿನ ಚಿಂತೆ ಅಮ್ಮಂದಿರಿಗೆ ಜಾಸ್ತಿ. 2027ರಲ್ಲಿ ಅದು ಫೆಬ್ರುವರಿಯಲ್ಲಿ ಬರುತ್ತದೆ. ಆಗ ಅಲ್ಲಿನ ಹಗಲು ಚಿಕ್ಕದು, ರೋಜಾ ಮೈಸೂರಿಗಿಂತ ಬೇಗ ಮುಗಿಯುತ್ತದೆ.

ಹಂತ 7: ಕಾಗದದ ಕೆಲಸಗಳು

ಇವನ್ನು ಈ ಕ್ರಮದಲ್ಲೇ ಮಾಡಿಸಿ. ಮೊದಲು ಸಿಮ್. ಆಮೇಲೆ ವಿಶ್ವವಿದ್ಯಾಲಯದ ನೋಂದಣಿ, ವಿದ್ಯಾರ್ಥಿ ಕಾರ್ಡ್. ಅಲ್ಲಿಂದಲೇ ಬ್ಯಾಂಕಿಗೆ ಕೊಡುವ ಪತ್ರ ಮತ್ತು ಕೌನ್ಸಿಲ್ ತೆರಿಗೆ ವಿನಾಯಿತಿ ಪತ್ರ ತೆಗೆದುಕೊಳ್ಳಬೇಕು. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಆ ತೆರಿಗೆ ಇಲ್ಲ. ನಂತರ ಬ್ಯಾಂಕ್ ಖಾತೆ. ಕೊನೆಗೆ ಜಿಪಿ, ಅಂದರೆ ಮನೆ ಹತ್ತಿರದ ಎನ್‌ಎಚ್‌ಎಸ್ ವೈದ್ಯರ ಬಳಿ ಹೆಸರು ನೋಂದಾಯಿಸುವುದು. ನಮ್ಮಲ್ಲಿ ಜ್ವರ ಬಂದ ದಿನ ಕ್ಲಿನಿಕ್ಕಿಗೆ ಹೋಗುತ್ತೇವೆ. ಅಲ್ಲಿ ಚೆನ್ನಾಗಿರುವಾಗಲೇ ಹೆಸರು ಬರೆಸಿರಬೇಕು. ನೋಂದಣಿಗೆ ದುಡ್ಡಿಲ್ಲ, ಮಹಿಳಾ ವೈದ್ಯರೇ ಬೇಕು ಅಂತ ಕೇಳಬಹುದು. ತುರ್ತಿಗೆ 999, ತುರ್ತಲ್ಲದ ಸಲಹೆಗೆ 111.

ಈ ಯಾವ ಕೌಂಟರಿನಲ್ಲೂ ಅಬ್ಬಾ ಮಾತಾಡುವುದು ಬೇಡ. ಹೊರಗಿನ ಬೆಂಚಿನಲ್ಲಿ ಕೂತಿರಿ. ಮಗಳು ತಡವರಿಸಿದರೂ ಅವಳೇ ಮುಗಿಸಿ ಬರಲಿ.

ಹಂತ 8: ಹಲಾಲ್ ಮತ್ತು ಅಡುಗೆಮನೆ

ಹಲಾಲ್ ಬೋರ್ಡ್ ಎಲ್ಲ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಎರಡು ಗುರುತು ಹೆಚ್ಚಾಗಿ ಕಾಣುತ್ತವೆ. ಲೆಸ್ಟರ್‌ನಲ್ಲೇ ಕಚೇರಿ ಇರುವ ಎಚ್‌ಎಂಸಿ, ಪ್ರಾಣಿಯನ್ನು ಮೊದಲು ಪ್ರಜ್ಞೆ ತಪ್ಪಿಸಿ ಕೊಯ್ಯುವುದನ್ನು ಒಪ್ಪುವುದಿಲ್ಲ. ಎಚ್‌ಎಫ್‌ಎ ಕೆಲವು ಬಗೆಯಲ್ಲಿ ಒಪ್ಪುತ್ತದೆ. ನಿಮ್ಮ ಮನೆಯಲ್ಲಿ ಯಾವುದು ಸರಿ ಅಂತ ಈಗಲೇ ಮಾತಾಡಿಕೊಳ್ಳಿ. ಲೆಸ್ಟರ್‌ನ ಎವಿಂಗ್ಟನ್ ರೋಡ್, ಹೈಫೀಲ್ಡ್ಸ್ ಕಡೆ ಹಲಾಲ್ ಅಂಗಡಿಗಳು ಸಾಲಾಗಿವೆ. ಸೂಪರ್ ಮಾರ್ಕೆಟ್ಟಿನ ಮಿಠಾಯಿ, ಮೊಸರು, ಕೇಕುಗಳಲ್ಲಿ ಜೆಲಟಿನ್ ಇರಬಹುದು, ಅದು ಹಂದಿಯದೂ ಆಗಿರಬಹುದು. ಸಸ್ಯಾಹಾರಿಗಳಿಗೆ ಸೂಕ್ತ ಎಂಬ ಗುರುತಿದ್ದರೆ ಆ ಭಯ ಇಲ್ಲ. ಮದ್ಯ ಸೇರಿದೆಯಾ ಅಂತ ಮಾತ್ರ ಬೇರೆಯಾಗಿ ಓದಬೇಕು.

ಅಡುಗೆಮನೆ ಐದಾರು ಜನಕ್ಕೆ ಒಂದೇ ಇರುತ್ತದೆ. ಮಗಳಿಗೆ ಅವಳದೇ ಬಾಣಲೆ, ಚಾಕು, ಕತ್ತರಿಸುವ ಹಲಗೆ, ಪಾತ್ರೆ ತೊಳೆಯುವ ಸ್ಪಂಜು ಬೇಕು. "ನಾನು ಹಂದಿಮಾಂಸ ಮುಟ್ಟುವುದಿಲ್ಲ, ಇವು ನನ್ನ ಪಾತ್ರೆ" ಅಂತ ಮೊದಲ ಭೇಟಿಯಲ್ಲೇ ನಗುತ್ತಾ ಹೇಳಿಬಿಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಮ್ಮಿ ಅಡುಗೆ ಮಾಡಿಟ್ಟು ಫ್ರೀಜರ್ ತುಂಬಿಸಿ ಬರುತ್ತೇನೆ ಅನ್ನುತ್ತಾರೆ. ಒಂದು ದಿನ ತುಂಬಿಸಲಿ. ಉಳಿದ ದಿನ ಮಗಳು ಮಾಡಲಿ, ಅಮ್ಮಿ ಕುರ್ಚಿಯಲ್ಲಿ ಕೂತು ಹೇಳಲಿ. ಕುಷ್ಕ, ದಾಲ್ಚಾ, ಮೊಟ್ಟೆ ಸಾರು, ಇಷ್ಟು ಬಂದರೆ ವಾರ ಕಳೆಯುತ್ತದೆ. ಒಗ್ಗರಣೆಯಲ್ಲಿ ಮಾತ್ರ ಎಚ್ಚರ. ಊರಿನಲ್ಲಿ ಮಾಡುವ ಹಾಗೆ ಎಣ್ಣೆ ಹೊಗೆಯಾಡುವ ತನಕ ಕಾಯಿಸಿ ಪಟ್ಟೆ, ಲವಂಗ, ಈರುಳ್ಳಿ ಹಾಕಿದರೆ ಸೂರಿನಲ್ಲಿರುವ ಹೊಗೆ ಪತ್ತೆ ಮಾಡುವ ಯಂತ್ರ ಕೂಗಿಕೊಳ್ಳುತ್ತದೆ. ಇಡೀ ಕಟ್ಟಡದವರು ಚಳಿಯಲ್ಲಿ ಕೆಳಗೆ ಇಳಿಯಬೇಕಾಗುತ್ತದೆ. ಎಣ್ಣೆ ಹದವಾಗಿ ಕಾಯುತ್ತಿದ್ದ ಹಾಗೆ ಈರುಳ್ಳಿ ಹಾಕಿ, ಉರಿ ಮಧ್ಯಮ ಇರಲಿ, ಹೊಗೆ ಎಳೆಯುವ ಫ್ಯಾನ್ ಮೊದಲೇ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ. ಆ ಯಂತ್ರಕ್ಕೆ ಬಟ್ಟೆ ಕಟ್ಟುವುದು ಅಪಾಯ, ಅದಕ್ಕೆ ದಂಡವೂ ಇದೆ. ಮೈಸೂರಿನ ಊದುಬತ್ತಿ, ಲೋಬಾನ್ ರೂಮಿನಲ್ಲಿ ಹಚ್ಚುವ ಹಾಗಿಲ್ಲ.

ಅಂಗಡಿಯಲ್ಲಿ ಪ್ರತಿ ಬೆಲೆಯನ್ನೂ ನೂರರಿಂದ ಗುಣಿಸಿ "ಅಯ್ಯೋ" ಅನ್ನಬೇಡಿ. ಮಗಳು ನೀವು ಹೋದ ಮೇಲೆ ತರಕಾರಿ ಕೊಳ್ಳುವುದನ್ನೇ ಬಿಟ್ಟು ಬ್ರೆಡ್ಡಿನಲ್ಲಿ ದಿನ ತಳ್ಳುತ್ತಾಳೆ. ವಾರದ ಖರ್ಚಿಗೆ ಒಂದು ಮೊತ್ತ ಗೊತ್ತುಮಾಡಿ, ಆಮೇಲೆ ಲೆಕ್ಕ ಅವಳದು.

ಹಂತ 9: ಜನ

ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಮುಸ್ಲಿಂ ವಿದ್ಯಾರ್ಥಿಗಳ ಸಂಘ ಇರುತ್ತದೆ. ಐಸಾಕ್ ಅನ್ನುತ್ತಾರೆ. ಇವುಗಳ ಒಕ್ಕೂಟ ಫೋಸಿಸ್ 1963ರಿಂದ ಇದೆ. ಮೊದಲ ವಾರದ ಹಬ್ಬದಲ್ಲಿ ಮದ್ಯದ ಕಾರ್ಯಕ್ರಮಗಳೇ ಜಾಸ್ತಿ ಕಾಣುತ್ತವೆ. ಮಗಳು ನೇರ ಐಸಾಕ್ ಮೇಜಿಗೆ ಹೋಗಿ ಹೆಸರು ಬರೆಸಲಿ. ಜುಮಾ ದಿನ ಅಬ್ಬಾ ಮಸೀದಿಗೆ ಹೋದಾಗ ಪಕ್ಕದವರಿಗೆ ಸಲಾಂ ಹೇಳಿ ಪರಿಚಯ ಮಾಡಿಕೊಳ್ಳಿ. ಅಮ್ಮಿಯೂ ಹೆಂಗಸರ ಜಾಗಕ್ಕೆ ಹೋಗಿ ಮಗಳನ್ನು ಪರಿಚಯಿಸಲಿ. ಹಿರಿಯರು ಮಾಡಿದರೆ ಚೆಂದ ಅನ್ನುವ ಕೆಲಸ ಇದೊಂದೇ.

ಕನ್ನಡದವರನ್ನೂ ಹುಡುಕಿ. ಕನ್ನಡ ಬಳಗ ಯು.ಕೆ., ಕನ್ನಡಿಗರು ಯು.ಕೆ. ಸಂಘಗಳು ಕಾರ್ಯಕ್ರಮ ನಡೆಸುತ್ತವೆ. ಮಗಳಿಗೆ ಕಾಯಿಲೆಯಾದ ದಿನ ಬಾಗಿಲು ತಟ್ಟುವವರು ಯಾವ ಧರ್ಮದವರೂ ಆಗಿರಬಹುದು.

ಹಂತ 10: ಒಂದು ದಿನ ಲಂಡನ್ನಿಗೆ

ಬರೀ ಅರ್ಜಿ, ಅಂಗಡಿಯಲ್ಲೇ ದಿನ ಕಳೆಯಬೇಡಿ. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಇದೆ. ಬಿಳಿಯ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ, ಹೊಟ್ಟೆಯೊಳಗೆ ಸದ್ದು ಹೊರಡಿಸುವ ಆರ್ಗನ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಹೊತ್ತೊಯ್ದದ್ದು. ಪ್ರವೇಶ ಉಚಿತ. ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ನಲ್ಲಿ ಫಾತಿಹಾ ಓದಿ ಬೆಳೆದವರಿಗೆ ಅದರ ಮುಂದೆ ನಿಂತಾಗ ಏನಾಗುತ್ತದೆ ಅಂತ ನಾನು ಬರೆಯಬೇಕಿಲ್ಲ. ಕಾಲು ನಡೆದರೆ ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆಯನ್ನೂ ನೋಡಿ ಬನ್ನಿ. ರೈಲು ಟಿಕೆಟ್ ಮಗಳೇ ಬುಕ್ ಮಾಡಲಿ. 16ರಿಂದ 25 ವಯಸ್ಸಿನವರ ರೈಲ್‌ಕಾರ್ಡ್ ಮಾಡಿಸಿದರೆ ಅವಳ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ.

ಹಂತ 11: ಕೊನೆಯ ಎರಡು ದಿನ

ಈ ಎರಡು ದಿನ ಮಗಳು ನೀವು ಇಲ್ಲದ ಹಾಗೆ ಬದುಕಲಿ. ತಾನೇ ಫಜ್ರ್‌ಗೆ ಏಳಲಿ, ತಾನೇ ಬಸ್ ಹತ್ತಿ ಕಾಲೇಜಿಗೆ ಹೋಗಲಿ, ರಾತ್ರಿ ತನ್ನ ರೂಮಿನಲ್ಲೇ ಮಲಗಲಿ. ಏನಾದರೂ ಸಿಕ್ಕಿಹಾಕಿಕೊಂಡರೆ ನೀವು ಇನ್ನೂ ಹತ್ತು ನಿಮಿಷದ ದೂರದಲ್ಲೇ ಇರುತ್ತೀರಿ.

ಪಾಸ್‌ಪೋರ್ಟ್, ಮನೆ ಕರಾರು, ವಿಮೆಯ ಪ್ರತಿಗಳು ಇಬ್ಬರ ಹತ್ತಿರವೂ ಇರಲಿ. ಅವಳ ಇಬ್ಬರು ಗೆಳತಿಯರ ನಂಬರ್ ತೆಗೆದುಕೊಳ್ಳಿ. ಹಾಗಂತ ದಿನಾ ಅವರಿಗೆ ಫೋನ್ ಮಾಡಬೇಡಿ. ವಿದಾಯ ಲೆಸ್ಟರ್‌ನ ಬಸ್ ನಿಲ್ದಾಣದಲ್ಲೇ ಆಗಲಿ. ಹೀಥ್ರೂ ತನಕ ಅವಳನ್ನು ಕರೆದುಕೊಂಡು ಹೋದರೆ ಅತ್ತ ಮುಖದಲ್ಲಿ ಅಷ್ಟು ದೂರ ರಾತ್ರಿ ಒಬ್ಬಳೇ ವಾಪಸ್ ಬರಬೇಕು.

ಫೋನಿಗೆ ಒಂದು ಹೊತ್ತು ಗೊತ್ತುಮಾಡಿ. ಮೈಸೂರಿನಲ್ಲಿ ಇಶಾ ಮುಗಿಸಿ ರಾತ್ರಿ ಒಂಬತ್ತಕ್ಕೆ ಮಾಡಿದರೆ ಅಲ್ಲಿ ಸಂಜೆ ನಾಲ್ಕೂವರೆ, ತರಗತಿ ಮುಗಿಯುವ ಹೊತ್ತು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ವ್ಯತ್ಯಾಸ ನಾಲ್ಕೂವರೆ ಗಂಟೆಯಲ್ಲ, ಐದೂವರೆ. ಜಮಾತ್ ವೇಳೆಗಳೂ ಅಂದೇ ಬದಲಾಗುತ್ತವೆ, ಮಸೀದಿಯ ಹೊಸ ಪಟ್ಟಿ ತೆಗೆದುಕೊಳ್ಳಲು ಅವಳಿಗೆ ಹಿಂದಿನ ಜುಮಾ ದಿನವೇ ನೆನಪಿಸಿ.